ರೊಕ್ಕ ಕೊಟ್ಟು ಗಣಿಯೊಳಗೆ ಮಲಗಿ ಬಂದೆ: ಕೂಬರ್ ಪೀಡಿಯ ನೆಲದಡಿ ಹೋಟೆಲ್

ಮೊದಲೇ ಮಾರ್ಕ್ಸ್ ಕೊಟ್ಟುಬಿಡುತ್ತೇನೆ. ನಿದ್ದೆಗೆ ಐದಕ್ಕೆ ಐದು. ಊಟಕ್ಕೆ ಎರಡು. ಟೂರಿಗೆ ಮೂರೂವರೆ. ಓಪಲ್ ಅಂಗಡಿಗಳಿಗೆ ಮಾರ್ಕ್ಸ್ ಇಲ್ಲ, ಎಚ್ಚರಿಕೆ ಮಾತ್ರ, ಅದನ್ನು ಕೆಳಗೆ ಬರೆದಿದ್ದೇನೆ.

ಕೂಬರ್ ಪೀಡಿ ಇರುವುದು ಆಸ್ಟ್ರೇಲಿಯಾದ ಮರುಭೂಮಿಯಲ್ಲಿ, ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 850 ಕಿ.ಮೀ. ದೂರ. ಓಪಲ್ ಅನ್ನುವ ಬಣ್ಣದ ಕಲ್ಲು ಅಗೆಯುವ ಊರು. ಜನಸಂಖ್ಯೆ ಎರಡು ಸಾವಿರವೂ ಇಲ್ಲ. ಅದರಲ್ಲಿ ಅರ್ಧದಷ್ಟು ಜನ ಗುಡ್ಡದೊಳಗೆ ಕೊರೆದ ಮನೆಗಳಲ್ಲೇ ಸಂಸಾರ ಮಾಡುತ್ತಾರೆ. ಶೋಕಿಗಲ್ಲ, ಬಿಸಿಲಿಗೆ. ಬೇಸಿಗೆಯಲ್ಲಿ 45 ಡಿಗ್ರಿ ಮುಟ್ಟುವುದು ಅಲ್ಲಿ ಸುದ್ದಿಯೇ ಅಲ್ಲ. ಹೋಟೆಲ್, ಚರ್ಚ್, ಪುಸ್ತಕದ ಅಂಗಡಿ, ಬಾರ್, ಎಲ್ಲವೂ ನೆಲದಡಿ ಇವೆ.

ಅಕ್ಕ-ಭಾವ ಅಡಿಲೇಡ್‌ನಲ್ಲಿದ್ದಾರೆ. ಅವರ ಮನೆಗೆ ಬಂದ ನೆಂಟರೆಲ್ಲ ಸಿಡ್ನಿ, ಮೆಲ್ಬರ್ನ್ ನೋಡಿ, ಕಾಂಗರೂ ಜೊತೆ ಫೋಟೋ ತೆಗೆಸಿಕೊಂಡು ವಾಪಸ್ ಹೋಗುತ್ತಾರೆ. ನನಗೆ ಮಾತ್ರ ಈ ಊರೇ ಬೇಕಿತ್ತು. ನಾನು ಹುಟ್ಟಿ ಬೆಳೆದದ್ದು ಹಟ್ಟಿ ಕ್ಯಾಂಪಿನಲ್ಲಿ, ರಾಯಚೂರು ಜಿಲ್ಲೆ, ಲಿಂಗಸುಗೂರು ತಾಲೂಕು. ಅಪ್ಪ ಚಿನ್ನದ ಗಣಿಯಲ್ಲಿ ಅಂಡರ್‌ಗ್ರೌಂಡ್ ಕೆಲಸ ಮಾಡಿ ರಿಟೈರ್ ಆದವರು. ಗಣಿಯೊಳಗೆ ಹೋಗುವುದು ಅಂದರೆ ನಮ್ಮ ಮನೆಯಲ್ಲಿ ಶಿಫ್ಟು, ಕೇಜು, ಹೆಲ್ಮೆಟ್ಟು, ಅವ್ವನ ದಿಗಿಲು. ಅದೇ ಗಣಿಯನ್ನು ಲಾಡ್ಜ್ ಮಾಡಿ ಬಾಡಿಗೆಗೆ ಕೊಡುತ್ತಾರೆ ಅಂದಾಗ ನೋಡದೆ ಇರುವುದಕ್ಕೆ ಆಗಲಿಲ್ಲ. ಫೋನ್ ಮಾಡಿ ಬಾಡಿಗೆ ಎಷ್ಟು ಅಂತ ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನಾವು ರೊಕ್ಕ ಇಸ್ಕೊಂಡು ಒಳಗ ಇಳೀತಿದ್ವಿ, ನೀ ರೊಕ್ಕ ಕೊಟ್ಟು ಇಳೀತಿ. ಶ್ಯಾಣ್ಯಾ ಅದೀ ನೀ" ಅಂದರು.

ಬಾಡಿಗೆ ರಾತ್ರಿಗೆ ಇನ್ನೂರು ಆಸ್ಟ್ರೇಲಿಯನ್ ಡಾಲರ್ ಹತ್ತಿರ, ಅಂದರೆ ಆಗ ನಮ್ಮ ಲೆಕ್ಕದಲ್ಲಿ ಹತ್ತು ಹನ್ನೊಂದು ಸಾವಿರ. ಇದಕ್ಕಿಂತ ಕಡಿಮೆಗೆ ಮಂಚದ ಲೆಕ್ಕದಲ್ಲಿ ಕೊಡುವ ಡಾರ್ಮಿಟರಿಯೂ ನೆಲದಡಿಯೇ ಸಿಗುತ್ತದೆ. ಅದು ಹುಡುಗರಿಗೆ ಸರಿ, ಅಕ್ಕ ಜೊತೆಗಿದ್ದಳಲ್ಲ, ನಾವು ಕೋಣೆಗಳನ್ನೇ ತೆಗೆದುಕೊಂಡೆವು.

ಈಗ ಜಗಳದ ವಿಷಯ. ಬುಕಿಂಗ್‌ನಲ್ಲಿ 'ಅಂಡರ್‌ಗ್ರೌಂಡ್' ಅಂತ ಸ್ಪಷ್ಟವಾಗಿ ಇತ್ತು. ಕೌಂಟರಿನಲ್ಲಿ ಕೈಗೆ ಕೊಟ್ಟದ್ದು ಮೇಲಿನ ಮಾಮೂಲಿ ಕೋಣೆಯ ಕೀಲಿ. ಕಿಟಕಿ, ಪರದೆ, ಗುಂಯ್ ಅನ್ನುವ ಎಸಿ, ಎಲ್ಲಾ ಇತ್ತು. ಇದನ್ನು ನೋಡುವುದಕ್ಕೆ ರಾಯಚೂರಿನಿಂದ ಇಲ್ಲಿತನಕ ಬರಬೇಕಿತ್ತಾ? ಕೌಂಟರಿನ ಹುಡುಗಿ ನಗುತ್ತಲೇ ಸಾರಿ ಸಾರಿ ಅಂದಳು, ಆದರೆ ಕೋಣೆ ಬದಲಾಯಿಸುವ ಅವಸರ ಅವಳಿಗೇನೂ ಇರಲಿಲ್ಲ. ಭಾವ ಬುಕಿಂಗ್ ಪ್ರಿಂಟ್ ತೆಗೆದು ಎದುರಿಗೆ ಇಟ್ಟ ಮೇಲೆ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಕೋಣೆ ಸಿಕ್ಕಿತು. ಅಲ್ಲಿನ ಹೋಟೆಲ್‌ಗಳಲ್ಲಿ ನೆಲದಡಿ ಕೋಣೆ ಮತ್ತು ಮೇಲಿನ ಕೋಣೆ ಎರಡೂ ಇರುವುದು ಮಾಮೂಲು. ಹೋಗುವವರು ಬುಕಿಂಗ್ ಕಾಗದ ಕೈಯಲ್ಲೇ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ತೋರಿಸುತ್ತೇನೆ ಅಂದರೆ ಸಿಗ್ನಲ್ ಕೈಕೊಡುತ್ತದೆ.

ಕೋಣೆ ಸಿಕ್ಕ ಮೇಲೆ ಮಾತ್ರ ನಾನು ಸುಮ್ಮನಾದೆ.

ನೆಲದಡಿ ಅಂದ ತಕ್ಷಣ ನಾನು ಗಣಿಯ ಬಾವಿಯಂಥ ಶಾಫ್ಟ್ ಇಳಿಯುವ ಲೆಕ್ಕದಲ್ಲಿದ್ದೆ. ಹಾಗಲ್ಲ. ಸಣ್ಣ ಗುಡ್ಡದ ಪಕ್ಕೆಯಲ್ಲಿ ಬಾಗಿಲು. ಒಳಗೆ ಸೀದಾ ನಡೆದುಕೊಂಡು ಹೋಗುವುದು, ಅಷ್ಟೇ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಹತ್ತು ಹೆಜ್ಜೆ ಒಳಗೆ ಹೋಗುವಷ್ಟರಲ್ಲಿ ಬೆವರು ಆರಲು ಶುರು. ಎಸಿಯ ಥಂಡಿ ಗಾಳಿ ಮುಖಕ್ಕೆ ಹೊಡೆದಂತೆ ಅಲ್ಲ, ಯಾರೋ ಬಿಸಿಲನ್ನು ಆರಿಸಿದ ಹಾಗೆ. ಗೋಡೆ ಕೆಂಪು ಮಿಶ್ರಿತ ಗುಲಾಬಿ ಬಣ್ಣದ ಮರಳುಗಲ್ಲು, ನಡುನಡುವೆ ಕೆನೆಬಣ್ಣದ ಪಟ್ಟೆಗಳು. ಸುರಂಗ ಕೊರೆಯುವ ಮೆಷಿನ್ ತಿರುಗಿದ ಗುರುತು ಹಾಗೇ ಬಿಟ್ಟಿದ್ದಾರೆ, ಹೆಂಚಿನ ಮೇಲೆ ದೋಸೆ ಹಿಟ್ಟು ತಿರುವಿದಾಗ ಬರುವ ಗೆರೆಗಳೇ ಅವು. ಮೇಲೆ ವಾರ್ನಿಶ್ ಥರದ್ದು ಬಳಿದಿದ್ದಾರೆ, ಇಲ್ಲದಿದ್ದರೆ ದಿನಾ ಹಾಸಿಗೆ ಮೇಲೆ ಮಣ್ಣು ಉದುರುತ್ತದಂತೆ. ಬಳಿದರೂ ಮೂಲೆಯಲ್ಲಿ ಕೈಯಾಡಿಸಿದರೆ ಬೆರಳಿಗೆ ಕೆಂಪು ಪುಡಿ ಅಂಟುತ್ತದೆ. ಚಾವಣಿಯಲ್ಲಿ ಒಂದು ದುಂಡನೆ ತೂತು, ಅದಕ್ಕೆ ಜಾಲರಿ. ಗಾಳಿ ಬರುವುದು ಅಲ್ಲಿಂದಲೇ. ಊರಿನ ಗುಡ್ಡಗಳ ಮೇಲೆ ಅಲ್ಲಲ್ಲಿ ಕೊಳವೆಗಳು ಎದ್ದು ನಿಂತಿದ್ದವು, ಅವೇನು ಅಂತ ಹೊರಗಿದ್ದಾಗ ತಿಳಿದಿರಲಿಲ್ಲ. ಒಂದೊಂದರ ಕೆಳಗೂ ಯಾರದೋ ಮಲಗುವ ಕೋಣೆ ಇದೆ.

ಗೋಡೆಯಲ್ಲೇ ಕೊರೆದ ಗೂಡುಗಳು. ನಮ್ಮ ಹಳೇ ಮನೆಗಳಲ್ಲಿ ದೀಪ ಇಡಲು ಇರುತ್ತಿದ್ದವಲ್ಲ, ಅವೇ. ಒಂದರಲ್ಲಿ ಕೆಟಲ್, ಇನ್ನೊಂದರಲ್ಲಿ ಫೋನ್ ಇಟ್ಟೆ. ಕಿಟಕಿ ಇಲ್ಲ. ಲೈಟು ಆರಿಸಿದರೆ ಕತ್ತಲೆ ಅಂದರೆ ಗಣಿಯ ಕತ್ತಲೆಯೇ, ಕಣ್ಣು ಎಷ್ಟು ಹೊತ್ತು ಬಿಟ್ಟರೂ ಏನೂ ಕಾಣುವುದಿಲ್ಲ. ಸ್ವಿಚ್ ಬಾಗಿಲ ಹತ್ತಿರ, ಮಂಚ ಈ ಕಡೆ. ಇದನ್ನು ಮಾಡಿದ ಪುಣ್ಯಾತ್ಮ ಅಲ್ಲಿ ಒಂದು ರಾತ್ರಿಯೂ ಮಲಗಿಲ್ಲ ಅನಿಸುತ್ತದೆ. ಟಾರ್ಚ್ ತಲೆದಿಂಬಿನ ಪಕ್ಕ ಇಟ್ಟುಕೊಳ್ಳಿ.

ಸದ್ದಂತೂ ಇಲ್ಲವೇ ಇಲ್ಲ. ಪಕ್ಕದ ಕೋಣೆಯ ಟಿವಿ ಕೇಳಿಸುವುದಿಲ್ಲ, ರಸ್ತೆ ಕೇಳಿಸುವುದಿಲ್ಲ. ಬೆಳಿಗ್ಗೆ ಆಯ್ತಾ ಇಲ್ವಾ ಅಂತ ಫೋನ್ ನೋಡಿಯೇ ತಿಳಿಯಬೇಕು. ರಾಯಚೂರಿನ ಏಪ್ರಿಲ್-ಮೇ ರಾತ್ರಿಗಳಲ್ಲಿ ಕೂಲರಿಗೆ ನೀರು ತುಂಬಿ, ಕರೆಂಟು ಹೋದಾಗ ಚಾಪೆ ತೆಗೆದುಕೊಂಡು ಮಾಳಿಗೆ ಹತ್ತಿ ಮಲಗಿದವನಿಗೆ ಇದು ಎಂಥ ನಿದ್ದೆ ಅಂತ ಹೇಗೆ ಹೇಳಲಿ. ಶಕ್ತಿನಗರದಲ್ಲಿ ಇಡೀ ರಾಜ್ಯಕ್ಕೆ ಕರೆಂಟು ಮಾಡುವವರು ನಾವು, ಸೆಖೆಗೆ ಬೀಸಣಿಗೆ ಹಿಡಿಯುವವರೂ ನಾವೇ. ಇಲ್ಲಿ ಫ್ಯಾನೂ ಇಲ್ಲ, ಎಸಿಯೂ ಇಲ್ಲ, ಬೇಕೂ ಇಲ್ಲ. ಹೊರಗೆ 44 ಇದ್ದಾಗ ಒಳಗೆ 24. ಚಳಿಗಾಲದಲ್ಲಿ ರಾತ್ರಿ ಹೊರಗೆ ಐದಾರು ಡಿಗ್ರಿಗೆ ಇಳಿದಾಗಲೂ ಒಳಗೆ 24ರ ಆಸುಪಾಸೇ.

ಇದು ಹೇಗೆ ಅಂತ ನನಗೆ ಮೊದಲಿಂದ ಗುಂಗು. ಯಾಕೆಂದರೆ ಗಣಿಯೊಳಗೆ ತಂಪು ಅನ್ನುವ ಮಾತನ್ನು ಹಟ್ಟಿಯಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಆಳಕ್ಕೆ ಹೋದಷ್ಟೂ ಬಂಡೆ ಬಿಸಿ. ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರ್ ಕೆಳಗೆ ಬಂಡೆಯೇ 60 ಡಿಗ್ರಿ ದಾಟುತ್ತಿತ್ತು. ಅಪ್ಪ ಶಿಫ್ಟ್ ಮುಗಿಸಿ ಬಂದರೆ ಬನಿಯನ್ ಹಿಂಡಿದರೆ ನೀರು ಬರುವುದು. ಆದರೆ ಕೂಬರ್ ಪೀಡಿಯ ಮನೆಗಳು ಆಳದಲ್ಲಿಲ್ಲ, ಮೇಲೆ ಕೆಲವು ಮೀಟರ್ ಕಲ್ಲು ಮಾತ್ರ ಇರುತ್ತದೆ. ಹಗಲಿನ ಬಿಸಿಲು, ರಾತ್ರಿಯ ಚಳಿ ಅಷ್ಟು ದಪ್ಪ ಕಲ್ಲು ದಾಟಿ ಒಳಗೆ ಬರುವುದಿಲ್ಲ. ಹಾಗಾಗಿ ಒಳಗಿನ ಕಲ್ಲು ಆ ಊರಿನ ಇಡೀ ವರ್ಷದ ಸರಾಸರಿ ಬಿಸಿಯ ಹತ್ತಿರ ನಿಂತುಬಿಡುತ್ತದೆ. ಅಲ್ಲಿನ ಸರಾಸರಿ 21ರ ಆಸುಪಾಸು, ಅದಕ್ಕೆ ಮನುಷ್ಯರು, ದೀಪ, ಅಡಿಗೆ ಸೇರಿ 23-25.

ಹಾಗಾದರೆ ನಮ್ಮ ರಾಯಚೂರಿನಲ್ಲೂ ಕೊರೆದು ಕೂತರೆ ಆಯ್ತಲ್ಲ ಅಂತ ಭಾವ ಕೇಳಿದರು. ಆಗುವುದಿಲ್ಲ. ಅವರಿಗೆ ಕೊರೆಯುವ ಚಳಿಗಾಲ ಇದೆ, ಅದು ಸರಾಸರಿಯನ್ನು ಕೆಳಗೆ ಎಳೆಯುತ್ತದೆ. ನಮಗೆ ಎಲ್ಲಿದೆ? ನಮ್ಮ ಸರಾಸರಿಯೇ 27-28. ಕೊರೆದು ಒಳಗೆ ಕೂತರೆ 44 ಹೋಗಿ ಮೂವತ್ತರ ಹತ್ತಿರ ಬರುತ್ತದೆ, ಕಂಬಳಿ ಹೊದೆಯುವಷ್ಟು ಅಲ್ಲ. ಮೇಲಾಗಿ ಅವರದು ಮೆತ್ತನೆ ಮರಳುಗಲ್ಲು, ಕೊರೆದರೂ ಕಂಬ ಇಲ್ಲದೆ ನಿಲ್ಲುತ್ತದೆ. ನಮ್ಮ ರಾಯಚೂರು ಕೋಟೆ ಗುಡ್ಡದ ಕಲ್ಲಿಗೆ ಅದೇ ಮೆಷಿನ್ ಹಚ್ಚಿದರೆ ಹಲ್ಲು ಉದುರುತ್ತವೆ.

ನೀರು. ಮರುಭೂಮಿ, ವರ್ಷಕ್ಕೆ ಬೀಳುವ ಮಳೆ ನಮ್ಮ ಕಾಲುಭಾಗ. ಊರಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಬೋರ್‌ವೆಲ್‌ನಿಂದ ಉಪ್ಪು ನೀರು ಎತ್ತಿ, ಆರ್‌ಒ ಮಾಡಿ ಕೊಡುತ್ತಾರೆ. ಕೋಣೆಯಲ್ಲಿ ಸ್ನಾನಕ್ಕೆ ಬೇಗ ಮುಗಿಸಿ ಅಂತ ಚೀಟಿ ಅಂಟಿಸಿದ್ದರು, ನಲ್ಲಿ ಒತ್ತಡವೂ ಕಡಿಮೆ. ಅದಕ್ಕೆ ಮಾರ್ಕ್ಸ್ ಕಳೆಯುವುದು ನ್ಯಾಯ ಅಲ್ಲ. ಊರಲ್ಲಿ ಒಂದು ಕಡೆ ಕಾಯಿನ್ ಹಾಕಿ ನೀರು ಹಿಡಿಯುವ ಮೆಷಿನ್ ಇದೆ, ಗಾಡಿಯವರು ಕ್ಯಾನ್ ಹಿಡಿದು ಸಾಲಾಗಿ ನಿಂತಿದ್ದರು. ನಮ್ಮ ಹಳ್ಳಿಗಳ ಶುದ್ಧ ಕುಡಿಯುವ ನೀರಿನ ಘಟಕದ ಮುಂದೆ ಐದು ರೂಪಾಯಿ ಕಾಯಿನ್ ಹಿಡಿದು ನಿಲ್ಲುವುದಿಲ್ಲವೇ, ಅದೇ ದೃಶ್ಯ. ಕೃಷ್ಣಾ, ತುಂಗಭದ್ರಾ ಎರಡರ ನಡುವೆ ಕೂತ ನಾವು, ಹೊಳೆಯೇ ಇಲ್ಲದ ಅವರು, ಇಬ್ಬರಿಗೂ ಒಂದೇ ಕ್ಯೂ.

ಊಟಕ್ಕೆ ಯಾಕೆ ಎರಡು ಅಂದರೆ, ಸಸ್ಯಾಹಾರಿಗೆ ಸಿಗುವುದು ಪಿಜ್ಜಾ, ಆಲೂ ಚಿಪ್ಸ್, ಮತ್ತೆ ಪಿಜ್ಜಾ. ಊರಲ್ಲಿ ಗ್ರೀಸ್, ಸರ್ಬಿಯಾ, ಕ್ರೊಯೇಶಿಯಾ, ಇಟಲಿ ಕಡೆಯಿಂದ ಓಪಲ್ ಆಸೆಗೆ ಬಂದು ಉಳಿದವರು ಜಾಸ್ತಿ, ಮಾಂಸ ತಿನ್ನುವವರಿಗೆ ಹಬ್ಬವೇ. ಕಾಂಗರೂ ಮಾಂಸದ ಪಿಜ್ಜಾ ಕೂಡ ಇದೆ, ಭಾವ ತಿಂದರು, ಏನೂ ಹೇಳಲಿಲ್ಲ, ಆದರೆ ಪ್ಲೇಟು ಖಾಲಿ. ಹೋಟೆಲ್‌ನ ಬೆಳಗಿನ ತಿಂಡಿ ಬ್ರೆಡ್ಡು, ಜಾಮು, ಒಣಗಿದ ಕೇಕು. ಅಕ್ಕ ಮನೆಯಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ಆ ಒಣ ಹವೆಯಲ್ಲಿ ರೊಟ್ಟಿ ಕೊನೆತನಕ ಗರಿಗರಿ ಇತ್ತು. ಗುಡ್ಡದೊಳಗೆ ಕೂತು ರೊಟ್ಟಿ ಮುರಿದಾಗ ಬಂದ ಸದ್ದು ಕಾರಿಡಾರಿಗೆಲ್ಲ ಕೇಳಿಸಿರಬೇಕು.

ಇನ್ನು ಟೂರು. ಅರ್ಧ ದಿನ, ವ್ಯಾನಿನಲ್ಲಿ. ಗೈಡ್ ವಯಸ್ಸಾದ ಗಣಿಗಾರ, ಯುರೋಪಿನಿಂದ ಹುಡುಗನಾಗಿದ್ದಾಗ ಬಂದವರು, ಕೈಬೆರಳುಗಳು ನಮ್ಮ ಕ್ಯಾಂಪಿನ ಹಿರಿಯರ ಥರವೇ ಮೊಂಡ. ನಮ್ಮಪ್ಪ ಚಿನ್ನದ ಗಣಿಯವರು ಅಂದ ಮೇಲೆ ನನ್ನನ್ನು ಮುಂದಿನ ಸೀಟಿಗೆ ಕರೆಸಿಕೊಂಡರು. ಎಷ್ಟು ಆಳ ಅಂತ ಕೇಳಿದರು. ಎರಡೂವರೆ ಸಾವಿರ ಅಡಿಗಿಂತ ಜಾಸ್ತಿ ಅಂದೆ. ಗಾಡಿ ನಿಲ್ಲಿಸಿ ನನ್ನ ಮುಖ ನೋಡಿದರು. ಅಲ್ಲಿ ಓಪಲ್ ಸಿಗುವುದು ಹೆಚ್ಚೆಂದರೆ ಮೂವತ್ತು ಮೀಟರ್ ಒಳಗೇ.

ಅವರಿಂದ ತಿಳಿದದ್ದು, ಇಲ್ಲಿ ದೊಡ್ಡ ಕಂಪನಿಯ ಗಣಿ ಇಲ್ಲ. ಒಬ್ಬೊಬ್ಬರು ಸಣ್ಣ ಜಾಗಕ್ಕೆ ಪರವಾನಗಿ ತೆಗೆದುಕೊಂಡು, ಸಾಮಾನ್ಯವಾಗಿ 50 ಮೀಟರ್‌ಗೆ 50 ಅಥವಾ 100 ಮೀಟರ್, ನಾಲ್ಕು ಮೂಲೆಗೆ ಗೂಟ ಹೊಡೆದು ತಾವೇ ಅಗೆಯುತ್ತಾರೆ. ಸಿಕ್ಕರೆ ಅವರದು, ಸಿಗದಿದ್ದರೆ ಡೀಸೆಲ್ ಸಾಲ ಅವರದು. ಸಂಬಳ ಇಲ್ಲ, ಪಿಎಫ್ ಇಲ್ಲ, ಕ್ವಾರ್ಟರ್ಸ್ ಇಲ್ಲ. ಲಾರಿಯ ಮೇಲೆ ದೊಡ್ಡ ಡ್ರಮ್ಮು, ಅದಕ್ಕೆ ದಪ್ಪ ಪೈಪು ಜೋಡಿಸಿ ಕೆಳಗಿನ ಪುಡಿಗಲ್ಲನ್ನು ಮೇಲಕ್ಕೆ ಹೀರಿ ಸುರಿಯುತ್ತಾರೆ. ಹೀಗೆ ಸುರಿದ ಬಿಳಿ ಗುಡ್ಡೆಗಳು ಕಣ್ಣು ಹಾಯುವಷ್ಟು ದೂರ. ಒಂದೊಂದರ ಪಕ್ಕ ಒಂದೊಂದು ಗುಂಡಿ, ಬಾಯಿಗೆ ಬೇಲಿ ಇಲ್ಲ. ಓಡಬೇಡಿ, ಹಿಂದೆ ಹಿಂದೆ ನಡೆಯಬೇಡಿ ಅಂತ ಬೋರ್ಡು ಹಾಕಿದ್ದಾರೆ. ತಮಾಷೆ ಬೋರ್ಡು ಅಲ್ಲ ಅದು. ಫೋಟೋ ತೆಗೆಯುತ್ತಾ ಹಿಂದೆ ಸರಿದವರು ಸೀದಾ ಒಳಗೆ. ಮಕ್ಕಳನ್ನು ಕರೆದುಕೊಂಡು ಹೋದರೆ ಕೈ ಬಿಡಬೇಡಿ.

ಇಲ್ಲಿ ಓಪಲ್ ಸಿಕ್ಕಿದ್ದು 1915ರಲ್ಲಿ, 14 ವರ್ಷದ ಹುಡುಗನಿಗೆ. ಅಪ್ಪನ ಜೊತೆ ಚಿನ್ನ ಹುಡುಕುತ್ತಾ ಬಂದ ತಂಡ ಅದು. ಹುಡುಗ ನೀರು ಹುಡುಕಲು ಹೋಗಿ ಓಪಲ್ ಚೂರು ಹಿಡಿದುಕೊಂಡು ಬಂದ. ಇದನ್ನು ಕೇಳಿ ನಾನು ಸೀಟಿನಲ್ಲೇ ನೆಟ್ಟಗೆ ಕೂತೆ. ಅದೇ 1915ರಲ್ಲಿ ನಮ್ಮ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಾ ಬಂದ ಬೀಡನ್ ಅನ್ನುವ ಎಂಜಿನಿಯರ್‌ಗೆ ಅಶೋಕನ ಶಾಸನ ಸಿಕ್ಕಿತು, ಬೇರೆ ಶಾಸನಗಳಲ್ಲಿ ಬರುವ ಪ್ರಿಯದರ್ಶಿ ಅಂದರೆ ಅಶೋಕನೇ ಅಂತ ಗಟ್ಟಿಯಾದದ್ದು ಅದರಿಂದ. ಚಿನ್ನದ ಹಿಂದೆ ಬಿದ್ದವರಿಗೆ ಆ ವರ್ಷ ಎರಡೂ ಕಡೆ ಬೇರೇನೋ ಕಾದಿತ್ತು. ಗೈಡ್‌ಗೆ ಹೇಳಿದೆ. ಶಾಸನಕ್ಕೆ ರೇಟ್ ಎಷ್ಟು ಅಂತ ಕೇಳಿದರು.

ಟೂರಿನಲ್ಲಿ ಸರ್ಬಿಯನ್ ಚರ್ಚ್ ಬಿಡಬೇಡಿ. 1993ರದ್ದು, ಪೂರ್ತಿ ಕಲ್ಲಿನೊಳಗೆ ಕೊರೆದದ್ದು, ಸುಮಾರು 30 ಮೀಟರ್ ಉದ್ದ, ಗೋಡೆಯಲ್ಲೇ ಸಂತರ ಕೆತ್ತನೆ. ಒಳಗೆ ನಿಂತಾಗ ನನಗೆ ನೆನಪಾದದ್ದು ಬಾದಾಮಿ, ಆದರೆ ಇದನ್ನು ಕೊರೆದವರು ಶಿಲ್ಪಿಗಳಲ್ಲ, ಬಹುಪಾಲು ವಾರವಿಡೀ ಓಪಲ್ ಅಗೆಯುವವರು. ಬ್ರೇಕವೇಸ್ ಅನ್ನುವ ಬಣ್ಣದ ಗುಡ್ಡಗಳು ಊರಿಂದ 30 ಕಿ.ಮೀ., ಅದು ಅಲ್ಲಿನ ಮೂಲನಿವಾಸಿಗಳಿಗೆ ಸೇರಿದ ನೆಲ, ಒಳಗೆ ಹೋಗಲು ಪರ್ಮಿಟ್ ಬೇಕು. ಸಂಜೆ ಹೋಗಿ, ಮಧ್ಯಾಹ್ನ ಹೋದರೆ ಎಲ್ಲಾ ಬಿಳಿಚಿಕೊಂಡು ಕಾಣುತ್ತದೆ. ನಮ್ಮನ್ನು ಮಧ್ಯಾಹ್ನವೇ ಕರೆದುಕೊಂಡು ಹೋದರು, ಒಂದೂವರೆ ಮಾರ್ಕ್ ಕಳೆದದ್ದು ಅದಕ್ಕೇ. ಅಲ್ಲೇ ಹತ್ತಿರ ಡಿಂಗೋ ಅನ್ನುವ ಕಾಡುನಾಯಿಗಳನ್ನು ಕುರಿಗಳಿಂದ ದೂರ ಇಡುವ ತಂತಿಬೇಲಿ ಹಾದು ಹೋಗುತ್ತದೆ. ಉದ್ದ ಸುಮಾರು 5,600 ಕಿ.ಮೀ. ನೋಡಲು ಮಾತ್ರ ನಮ್ಮ ಹೊಲದ ಬೇಲಿಯೇ, ಎರಡು ನಿಮಿಷ ಸಾಕು. ಹುಲ್ಲಿಲ್ಲದ ಗಾಲ್ಫ್ ಮೈದಾನವನ್ನೂ ತೋರಿಸಿದರು, ಆಡುವವರು ಒಂದು ತುಂಡು ಹುಲ್ಲುಹಾಸು ಜೊತೆಗೇ ಹೊತ್ತುಕೊಂಡು ತಿರುಗುತ್ತಾರಂತೆ. ಯಾಕೆ ಇಷ್ಟು ಕಷ್ಟ ಪಡಬೇಕೋ.

ಊರೊಳಗೆ ಒಂದು ಜಾಗದಲ್ಲಿ ಯಾರು ಬೇಕಾದರೂ ಕೂತು ಗುಡ್ಡೆ ಕೆದಕಿ ಓಪಲ್ ಹುಡುಕಬಹುದು, ಪುಕ್ಕಟೆ. ಭಾವ, ನಾನು ಇಬ್ಬರೂ ಕೂತೆವು. ಸಿಕ್ಕಿದ್ದು ಬಣ್ಣ ಇಲ್ಲದ ಹಾಲುಬಿಳಿ ಚೂರುಗಳು, ಅದೂ ಓಪಲ್ಲೇ, ಆದರೆ ಬೆಲೆ ಇಲ್ಲ. ಬೆಲೆ ಬರುವುದು ಕಲ್ಲನ್ನು ಆಚೀಚೆ ತಿರುಗಿಸಿದಾಗ ಒಳಗೆ ಬಣ್ಣ ಓಡಾಡಿದರೆ ಮಾತ್ರ. ಇಲ್ಲಿಗೆ ಹೋದರೆ ಬೆಳಿಗ್ಗೆ ಏಳರೊಳಗೆ ಹೋಗಿ, ಮುಖಕ್ಕೆ ಬಲೆಯ ಟೋಪಿ ಹಾಕಿಕೊಳ್ಳಿ. ನೊಣ ಅಂದರೆ ನೊಣ. ಕಣ್ಣಿಗೆ, ಮೂಗಿಗೆ, ಮಾತಾಡಲು ಬಾಯಿ ತೆರೆದರೆ ಬಾಯಿಗೆ. ಆ ಟೋಪಿ ಅಡಿಲೇಡ್‌ನಲ್ಲೇ ಕೊಳ್ಳಿ, ಕೂಬರ್ ಪೀಡಿಯಲ್ಲಿ ದುಬಾರಿ.

ಓಪಲ್ ಕೊಳ್ಳುವ ವಿಷಯ. ಚಿನ್ನಕ್ಕೆ ದಿನಾ ಗ್ರಾಂ ರೇಟ್ ಇದೆ, ಅಂಗಡಿಯವನು ಹೇಳಿದ್ದು ಸರಿಯಾ ಅಂತ ಫೋನಿನಲ್ಲಿ ನೋಡಬಹುದು. ಓಪಲ್‌ಗೆ ಅಂಥದ್ದಿಲ್ಲ. ಒಂದೇ ಅಳತೆಯ ಎರಡು ಕಲ್ಲು, ಒಂದಕ್ಕೆ 60 ಡಾಲರ್, ಇನ್ನೊಂದಕ್ಕೆ 1,600. ಅಕ್ಕ ಓಲೆ ನೋಡಲು ಕೂತಾಗ ನಾನು ಪಕ್ಕದಲ್ಲಿ ಕೂತು ಕಲಿತದ್ದು ಇಷ್ಟು. ಪೂರ್ತಿ ಒಂದೇ ಕಲ್ಲಾದರೆ ಅದು ಸಾಲಿಡ್. ಓಪಲ್‌ನ ತೆಳು ಪದರವನ್ನು ಕಪ್ಪು ತಳಕ್ಕೆ ಅಂಟಿಸಿದ್ದರೆ ಡಬ್ಲೆಟ್. ಅದರ ಮೇಲೆ ಗಾಜೋ ಸ್ಫಟಿಕವೋ ಕೂಡಿಸಿದ್ದರೆ ಟ್ರಿಪ್ಲೆಟ್. ಮೇಲಿಂದ ನೋಡಿದರೆ ಟ್ರಿಪ್ಲೆಟ್ಟೇ ಜಾಸ್ತಿ ಮಿಂಚುತ್ತದೆ, ಮೋಸ ಹೋಗುವುದು ಅಲ್ಲೇ. ಕಲ್ಲನ್ನು ಪಕ್ಕದಿಂದ ನೋಡಿ, ಅಂಟಿನ ಗೆರೆ ನೇರವಾಗಿ ಕಾಣುತ್ತದೆ. ಅಂಟಿಸಿದ್ದಕ್ಕೆ ನೀರು ತಾಗಿದರೆ ದಿನ ಕಳೆದಂತೆ ಮಸುಕಾಗುತ್ತದೆ, ಪಾತ್ರೆ ತೊಳೆಯುವ ಕೈಗೆ ಅಂಥ ಉಂಗುರ ಬೇಡ. ಪಕ್ಕ ಕಾಣದಂತೆ ಬಂಗಾರದ ಕಟ್ಟು ಮುಚ್ಚಿದ ಕಲ್ಲು ಇದ್ದರೆ ಯಾವುದು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಬರೆಯಲು ಮೀನಮೇಷ ಎಣಿಸಿದರೆ ಎದ್ದು ಬನ್ನಿ, ಪಕ್ಕದಲ್ಲೇ ಇನ್ನೊಂದು ಅಂಗಡಿ ಇದೆ.

ಹೋಗುವ ಕಾಲ. ಎಲ್ಲರೂ ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ಹೋಗಿ ಅನ್ನುತ್ತಾರೆ, ಅದು ಅಲ್ಲಿನ ತಂಪು ಕಾಲ. ನಾನು ಬೇಕಂತಲೇ ಜನವರಿಯಲ್ಲಿ ಹೋದೆ, ಅಲ್ಲಿನ ಕಡುಬೇಸಿಗೆ. ತಂಪು ಕಾಲದಲ್ಲಿ ಹೋದರೆ ಓಡಾಟ ಸುಲಭ, ಒಪ್ಪುತ್ತೇನೆ. ಆದರೆ ಹೊರಗೂ ಹಿತ, ಒಳಗೂ ಹಿತ ಅಂದಮೇಲೆ ಆ ಕೋಣೆಗೆ ಕೊಟ್ಟ ದುಡ್ಡು ಸುಮ್ನೆ. ರಾಯಚೂರು, ಬಳ್ಳಾರಿ ಕಡೆಯವರು ಧೈರ್ಯವಾಗಿ ಬೇಸಿಗೆಯಲ್ಲೇ ಹೋಗಬಹುದು. ಬಿಸಿಲು ನಮಗೆ ಹೊಸದಲ್ಲ, ಹನ್ನೊಂದರಿಂದ ನಾಲ್ಕರ ತನಕ ಒಳಗಿರಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಬಾಡಿಗೆಯೂ ಕಡಿಮೆ. ಕೆಲವು ಟೂರು ಬಂದ್ ಇರುತ್ತವೆ, ಮೊದಲೇ ಕೇಳಿಕೊಳ್ಳಿ.

ಅಡಿಲೇಡ್‌ನಿಂದ ರಾತ್ರಿ ಬಸ್ಸು ಇದೆ, ಹನ್ನೊಂದು ತಾಸಿನ ದಾರಿ. ಕಾರಿನಲ್ಲಿ ಹೋಗುವವರು ಗ್ಲೆಂಡಾಂಬೋದಲ್ಲಿ ಟ್ಯಾಂಕ್ ತುಂಬಿಸಿ, ಅಲ್ಲಿಂದ ಕೂಬರ್ ಪೀಡಿತನಕ 250 ಕಿ.ಮೀ. ಬಂಕ್ ಇಲ್ಲ, ಚಹಾದಂಗಡಿಯ ಮಾತಂತೂ ಬೇಡ. ಕತ್ತಲಾದ ಮೇಲೆ ಕಾಂಗರೂ ಅಡ್ಡ ಬರುತ್ತವೆ, ರಾತ್ರಿ ಓಡಿಸಬೇಡಿ.

ಕಡೆಗೆ ಒಂದು ಮಾತು, ಮುಚ್ಚಿದ ಜಾಗ ಅಂದರೆ ಹೆದರುವವರಿಗೆ. ಅಕ್ಕ ಹಟ್ಟಿಯಲ್ಲೇ ಬೆಳೆದವಳು, ಆದರೆ ಗಣಿಯೊಳಗೆ ಒಮ್ಮೆಯೂ ಇಳಿದವಳಲ್ಲ. ಲೈಟು ಆರಿಸಿದ ಸ್ವಲ್ಪ ಹೊತ್ತಿಗೆ ಬಂದು ನನ್ನ ಬಾಗಿಲು ಬಡಿದಳು. "ಉಸಿರು ಕಟ್ಟಿದಂಗ ಆಗಾಕತ್ತದ, ಅಪ್ಪ ಹ್ಯಾಂಗ ಇರ್ತಿದ್ರೋ ಅಷ್ಟ್ ವರ್ಷ" ಅಂದಳು. ಗಾಳಿಗೇನೂ ಕೊರತೆ ಇರಲಿಲ್ಲ, ಹೆದರಿಕೆ ಅಷ್ಟೇ, ಆದರೆ ಹೆದರಿದವರಿಗೆ ಹಾಗೆ ಹೇಳಿದರೆ ಕೇಳುತ್ತಾರಾ? ಕೌಂಟರಿನಲ್ಲಿ ಹೇಳಿದಾಗ ಈ ಸಲ ತಕರಾರು ಇಲ್ಲದೆ ಹೊರಬಾಗಿಲ ಪಕ್ಕದ ಕೋಣೆ ಕೊಟ್ಟರು. ಬಾಗಿಲಿನ ಮೇಲೊಂದು ಗಾಜಿನ ಪಟ್ಟಿ ಇತ್ತು, ಹೊರಗಿನ ಬೆಳಕು ಸ್ವಲ್ಪ ಬೀಳುತ್ತಿತ್ತು, ಅವಳು ಅಲ್ಲಿ ಬೆಳಿಗ್ಗೆ ಒಂಬತ್ತರ ತನಕ ಮಲಗಿದಳು. ಅಂಥವರು ಬುಕ್ ಮಾಡುವಾಗಲೇ ಬಾಗಿಲ ಹತ್ತಿರದ ಕೋಣೆ ಕೇಳಿ. ಬಾಡಿಗೆ ಅಷ್ಟೇ.